ಬಡಾವಣೆಯ ವಿನ್ಯಾಸವೂ ಅವಿಭಾಜ್ಯ ಭೂಮಿಯೂ

ತಂದೆಯ ಕಾಲಾನಂತರ ಅಣ್ಣತಮ್ಮಂದಿರು ಹೊಲವನ್ನು ಪಾಲು ಮಾಡಿಕೊಳ್ಳಲು ಕುಳಿತಾಗ, ಊರಿನ ಹಿರಿಯರು ಎರಡು ವಸ್ತುಗಳನ್ನು ಪಾಲಿನಿಂದ ಹೊರಗಿಡುತ್ತಿದ್ದರು. ಒಂದು ಬಾವಿ, ಇನ್ನೊಂದು ಆ ಬಾವಿಗೂ ಹಿಂದಿನ ಹೊಲಗಳಿಗೂ ಹೋಗುವ ಬಂಡಿಯ ದಾರಿ. ಬಾವಿಯ ನೀರನ್ನು ಸರದಿಯ ಮೇಲೆ ಹಾಯಿಸಿಕೊಳ್ಳುವುದು, ದಾರಿಯನ್ನು ಎಲ್ಲರೂ ಬಳಸಿ ಯಾರೂ ಉಳದೆ ಬಿಡುವುದು ರೂಢಿಯಾಗಿತ್ತು. ಇದು ಕೇವಲ ಹಳ್ಳಿಯ ರೂಢಿಯೆಂದು ಭಾವಿಸಬೇಕಾಗಿಲ್ಲ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣ ಪಟ್ಟಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಭಾರತದ ಬಹುಭಾಗದಲ್ಲಿ ಪಿತ್ರಾರ್ಜಿತ ಸ್ವತ್ತಿನ ಹಂಚಿಕೆಗೆ ಅದೇ ಆಧಾರ ಗ್ರಂಥವಾಯಿತು. ಅದರ ದಾಯವಿಭಾಗ ಪ್ರಕರಣದಲ್ಲಿ ವಿಭಾಗಕ್ಕೆ ಒಳಪಡದ ವಸ್ತುಗಳ ವಿಚಾರ ಬರುವಲ್ಲಿ ಉದಕವೂ ಪ್ರಚಾರವೂ ಎಣಿಕೆಗೊಂಡಿವೆ. ಉದಕವೆಂದರೆ ಬಾವಿ ಮೊದಲಾದ ಜಲಾಶಯ. ಪ್ರಚಾರವೆಂದರೆ ಇಂದಿನ ಅರ್ಥದ ಪ್ರಚಾರವಲ್ಲ, ಮನೆಗೂ ತೋಟಕ್ಕೂ ಹೋಗಿಬರುವ ಹಾದಿ. ಹಂಚಿಕೆಯ ಶಾಸ್ತ್ರವನ್ನು ಬರೆದ ಕನ್ನಡ ನಾಡಿನ ವಿದ್ವಾಂಸನು ಹಂಚಬಾರದುದನ್ನೂ ಅಷ್ಟೇ ಎಚ್ಚರದಿಂದ ವಿವರಿಸಿದ್ದಾನೆ.

ಊರುಗಳು ಬೆಳೆದು, ಹೊಲಗಳು ನಿವೇಶನಗಳಾಗಿ ಮಾರಾಟವಾಗುತ್ತಿರುವ ಈ ಕಾಲದಲ್ಲಿ ಬಡಾವಣೆಯ ವಿನ್ಯಾಸವನ್ನು ನಿಯಂತ್ರಿಸುವ ಕಾಯ್ದೆಗಳ ತಿರುಳೂ ಇದೇ ಆಗಿದೆ. ಕಾಯ್ದೆಯ ಪುಸ್ತಕವನ್ನು ತೆರೆದರೆ ಕಲಮು, ಉಪಕಲಮು, ತಿದ್ದುಪಡಿಗಳ ಅರಣ್ಯದಲ್ಲಿ ದಿಕ್ಕು ತಪ್ಪುವುದು ಸಹಜ. ಆದರೆ ನೆಲವನ್ನು ತುಂಡು ಮಾಡುವಾಗ ಯಾವುದು ತುಂಡಾಗದೆ ಎಲ್ಲರಿಗೂ ಸೇರಿ ಉಳಿಯಬೇಕು ಎಂಬ ಒಂದು ಪ್ರಶ್ನೆಯನ್ನು ಕೈದೀಪವಾಗಿ ಹಿಡಿದು ನಡೆದರೆ ಆ ಅರಣ್ಯದಲ್ಲಿಯೂ ದಾರಿ ಕಾಣುತ್ತದೆ.

ನಿವೇಶನವೆಂಬ ಶಬ್ದ ಹೊಸದಲ್ಲ. ಪ್ರವೇಶಿಸು, ನೆಲಸು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದ ಈ ಪದವು ದಾನಶಾಸನಗಳಲ್ಲಿ ಮನೆಯ ನೆಲೆ ಎಂಬ ಅರ್ಥದಲ್ಲಿಯೇ ಬರುತ್ತದೆ. ಹೊಲವನ್ನು ಮತ್ತರು, ಕಮ್ಮಗಳಲ್ಲಿ ಅಳೆದು, ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹಳ್ಳ, ಹುಣಸೆಮರ, ನಟ್ಟ ಕಲ್ಲು ಮುಂತಾದ ಗುರುತುಗಳಿಂದ ಹೇಳುವುದು ಶಾಸನಕಾರರ ಪದ್ಧತಿ. ಅಳತೆಯ ಕೋಲಿಗೆ ಗಳೆ ಎಂಬ ಹೆಸರಿತ್ತು. ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ನಿಂತಿದೆ. ಆ ಸೀಮೆಯ ಶಾಸನಗಳಲ್ಲಿ ಭೇರುಂಡ ಗಳೆ ಎಂಬ ಅಳತೆಗೋಲಿನ ಉಲ್ಲೇಖವಿದೆ. ಊರಿಗೊಂದು ಗಳೆಯಿದ್ದುದರಿಂದ ಒಂದು ಊರಿನ ಮತ್ತರು ಇನ್ನೊಂದು ಊರಿನ ಮತ್ತರಿಗೆ ಸಮವಾಗಬೇಕಾಗಿರಲಿಲ್ಲ. ಮುಂದೆ ಬಿತ್ತುವ ಬೀಜದ ಲೆಕ್ಕದಲ್ಲಿ ಖಂಡುಗ, ಕೊಳಗಗಳೂ, ಬಿತ್ತುವ ಸಾಧನದ ಲೆಕ್ಕದಲ್ಲಿ ಕೂರಿಗೆಯೂ ಭೂಮಿಯ ಮಾನಗಳಾದವು. ಫಲವತ್ತಾದ ನೆಲ, ಬರಡು ನೆಲಗಳ ಭೇದವೂ ಈ ಮಾನಗಳಲ್ಲಿ ಅಡಗಿತ್ತು.

ಈ ವೈವಿಧ್ಯವನ್ನು ಅಳಿಸಿ ಏಕರೂಪದ ಅಳತೆಯನ್ನು ತಂದದ್ದು ಹತ್ತೊಂಬತ್ತನೆಯ ಶತಮಾನದ ಭೂಮಾಪನ. ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಪದ್ಧತಿ ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳಿಗೆ ಬಂದಿತು. ಮೈಸೂರು ಸಂಸ್ಥಾನದಲ್ಲಿ 1863ರಿಂದ ಇದೇ ಮಾದರಿಯ ಮೋಜಣಿ ಆರಂಭವಾಯಿತು. ಮೂವತ್ತಮೂರು ಅಡಿ ಉದ್ದದ ಸರಪಳಿ, ಅದರಲ್ಲಿ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂತಹ 40 ಗುಂಟೆಗಳು ಒಂದು ಎಕರೆ, ಅಂದರೆ 43,560 ಚದರ ಅಡಿ. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಬಿದ್ದಿತು, ಮೂಲೆಗಳಲ್ಲಿ ಬಾಂದುಕಲ್ಲು ನಟ್ಟಿತು, ಗ್ರಾಮಕ್ಕೊಂದು ನಕಾಶೆ ಸಿದ್ಧವಾಯಿತು. ಕಾಲಕ್ರಮದಲ್ಲಿ ಒಂದು ನಂಬರು ಪಾಲಾದರೆ ಅದನ್ನು ಅಳೆದು ಹಿಸ್ಸಾ ಸಂಖ್ಯೆ ಕೊಡುವ ಕ್ರಮಕ್ಕೆ ಪೋಡಿ ಎಂದು ಹೆಸರು. ಪೋಡಿಯಾಗದೆ ಹತ್ತು ಜನರ ಹೆಸರು ಒಂದೇ ಪಹಣಿಯಲ್ಲಿ ಕುಳಿತಿರುವ ನಂಬರುಗಳು ರಾಜ್ಯದಲ್ಲಿ ಇಂದಿಗೂ ಉಂಟು. ಇಂತಿಂತಹವರದು ಇಷ್ಟಿಷ್ಟು ಗುಂಟೆ ಎಂಬುದು ಕಾಗದದಲ್ಲಿರುತ್ತದೆ, ಆದರೆ ಯಾರದು ಯಾವ ದಿಕ್ಕಿಗೆ ಎಂಬುದು ನೆಲದ ಮೇಲೆ ನಿರ್ಣಯವಾಗಿರುವುದಿಲ್ಲ. ವ್ಯಾಜ್ಯಗಳ ಬೀಜ ಬಹಳ ಮಟ್ಟಿಗೆ ಇಲ್ಲಿಯೇ ಇದೆ.

ಪಹಣಿ ಪತ್ರಿಕೆಯ ಮೂರನೆಯ ಅಂಕಣವನ್ನು ವಿದ್ಯಾರ್ಥಿಗಳು ಒಮ್ಮೆ ಗಮನವಿಟ್ಟು ಓದಬೇಕು. ಅದರಲ್ಲಿ ಒಟ್ಟು ವಿಸ್ತೀರ್ಣವನ್ನು ಬರೆದು, ಅದರ ಕೆಳಗೆ ಅ ಖರಾಬು, ಬ ಖರಾಬು ಎಂದು ಎರಡು ಕಡಿತಗಳನ್ನು ತೋರಿಸಿ, ಕೊನೆಯಲ್ಲಿ ಉಳಿದದ್ದು ಎಂದು ಕಾಣಿಸುತ್ತಾರೆ. ಅ ಖರಾಬು ಎಂದರೆ ಬಂಡೆ, ಕೊರಕಲು ಮುಂತಾಗಿ ಸಾಗುವಳಿಗೆ ಬಾರದ ನೆಲ. ಬ ಖರಾಬು ಹಾಗಲ್ಲ. ಹೊಲದ ನಡುವೆ ಹಾದುಹೋಗುವ ಹಳ್ಳ, ಬಂಡಿದಾರಿ, ಕಾಲುದಾರಿ, ಕೆರೆಯ ಕಾಲುವೆ, ಸ್ಮಶಾನ ಇವು ಬ ಖರಾಬು. ಅವು ರೈತನ ಸರ್ವೆ ನಂಬರಿನ ಒಳಗಿದ್ದರೂ ರೈತನವಲ್ಲ. ಅವುಗಳಿಗೆ ಕಂದಾಯವಿಲ್ಲ, ಅವುಗಳ ಮೇಲೆ ಮಾರಾಟದ ಹಕ್ಕೂ ಇಲ್ಲ. ಮಿತಾಕ್ಷರೆಯ ಉದಕ ಮತ್ತು ಪ್ರಚಾರಗಳೇ ಕಂದಾಯ ಇಲಾಖೆಯ ಲೆಕ್ಕದಲ್ಲಿ ಬ ಖರಾಬು ಎಂಬ ರೂಕ್ಷವಾದ ಹೆಸರನ್ನು ಹೊತ್ತು ಕುಳಿತಿವೆ ಎಂದರೆ ತಪ್ಪಾಗದು. ಖರಾಬು ಎಂದರೆ ಕೆಟ್ಟದ್ದು. ಊರಿಗೆಲ್ಲ ಬೇಕಾದ ನೀರಿನ ಹಾದಿಗೆ ಕೆಟ್ಟದ್ದು ಎಂಬ ಹೆಸರು ಅಂಟಿದ್ದು ವಿಚಿತ್ರವೇ ಸರಿ. ಕಂದಾಯ ಬಾರದ ನೆಲವೆಲ್ಲ ಕೆಟ್ಟ ನೆಲವೆಂಬುದು ಕಂದಾಯವನ್ನೇ ಕಣ್ಣಾಗಿಟ್ಟುಕೊಂಡವರ ದೃಷ್ಟಿ.

ಸರ್ವೆ ನಂಬರಿನ ಹೊರಗೂ ಸಮುದಾಯದ ನೆಲವಿತ್ತು. ಮನೆಗಳಿರುವ ಭಾಗ ಗ್ರಾಮಠಾಣ. ಅದರ ಸುತ್ತ ಗೋಮಾಳ, ಗುಂಡುತೋಪು, ಕೆರೆಯಂಗಳ, ಕಣದ ಜಾಗ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಇಂತಹ ಉದ್ದೇಶಗಳಿಗೆ ಸರ್ಕಾರಿ ಜಮೀನನ್ನು ಮೀಸಲಿಡುವ ಅಧಿಕಾರವನ್ನು ಕೊಟ್ಟಿದೆ. ಅದರಡಿಯ 1966ರ ನಿಯಮಗಳು ನೂರು ಜಾನುವಾರುಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಗೋಮಾಳವಿರತಕ್ಕದ್ದೆಂದು ಹೇಳುತ್ತವೆ. ನಿಯಮದ ಗೋಮಾಳವೆಷ್ಟು, ನೆಲದ ಮೇಲೆ ಉಳಿದಿರುವ ಗೋಮಾಳವೆಷ್ಟು ಎಂಬುದನ್ನು ಆಯಾ ಊರಿನವರೇ ಬಲ್ಲರು.

ಇನ್ನು ಪಟ್ಟಣದ ವಿಷಯ. ಇಕ್ಕಟ್ಟಾದ ಓಣಿಗಳಲ್ಲಿ ಗಾಳಿ ಬೆಳಕುಗಳಿಗೆ ಎಡೆಯಿಲ್ಲದಂತೆ ಮನೆ ಕಟ್ಟಿಕೊಂಡರೆ ಏನಾಗುತ್ತದೆಂಬುದನ್ನು 1898ರ ಪ್ಲೇಗು ಮಹಾಮಾರಿ ಹುಬ್ಬಳ್ಳಿ, ಬೆಂಗಳೂರುಗಳಂತಹ ಪಟ್ಟಣಗಳಿಗೆ ಭಯಂಕರವಾಗಿ ಕಲಿಸಿತು. ಬೆಂಗಳೂರಿನ ಪೇಟೆಯಿಂದ ಜನರು ಗುಳೆ ಹೋದರು. ಆ ದಶಕದಲ್ಲಿಯೇ ಯೋಜಿತವಾಗುತ್ತಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಅದರಿಂದ ಚುರುಕು ಬಂದಿತು. ಅಗಲವಾದ ನೇರ ರಸ್ತೆಗಳು, ಮನೆಗಳ ಸಾಲಿನ ಹಿಂದೆ ಕಸ ಮಲಗಳನ್ನು ಸಾಗಿಸುವ ಕಿರುದಾರಿ, ನಡುನಡುವೆ ಬಯಲು, ಇವು ಆ ವಿನ್ಯಾಸದ ಲಕ್ಷಣಗಳು. ಜಾತಿವಾರಾಗಿ ಭಾಗಗಳನ್ನು ಗುರುತಿಸಿದ್ದುದು ಅದರ ಲೋಪ. ಹಳೆಯ ಕೇರಿಯ ಗೋಡೆ ಹೊಸ ನಕ್ಷೆಯೊಳಗೂ ನುಸುಳಿತ್ತು. ಆದರೂ ಮನೆಯ ಮುಂದೆ ಇಂತಿಷ್ಟು ರಸ್ತೆ, ಅಕ್ಕಪಕ್ಕದಲ್ಲಿ ಇಂತಿಷ್ಟು ತೆರವು ಇರಬೇಕೆಂಬ ಕಲ್ಪನೆ ಜನರ ಮನಸ್ಸಿನಲ್ಲಿ ನೆಲೆಯೂರಿದ್ದು ಇಂತಹ ಬಡಾವಣೆಗಳಿಂದ.

ಮುಂಬಯಿ ಪ್ರಾಂತದಲ್ಲಿ 1915ರಲ್ಲಿ ಬಂದ ನಗರ ಯೋಜನಾ ಕಾಯ್ದೆಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಡೊಂಕುಡೊಂಕಾದ ಹೊಲಗಳ ಮಾಲೀಕರೆಲ್ಲರ ಜಮೀನನ್ನು ಕಾಗದದ ಮೇಲೆ ಒಂದುಗೂಡಿಸಿ, ರಸ್ತೆ ಬಯಲುಗಳಿಗೆ ಬೇಕಾದುದನ್ನು ಎಲ್ಲರ ಪಾಲಿನಿಂದಲೂ ಪ್ರಮಾಣಾನುಸಾರ ತೆಗೆದು, ಮಿಕ್ಕುದನ್ನು ಸರಿಯಾದ ಆಕಾರದಲ್ಲಿ ಅವರಿಗೇ ಮರಳಿ ಹಂಚುವುದು ಅದರ ಉಪಾಯ. ಒಬ್ಬನ ಹೊಲವೆಲ್ಲ ರಸ್ತೆಗೆ ಹೋಗಿ ಇನ್ನೊಬ್ಬನು ಆ ರಸ್ತೆಯಿಂದ ಧನವಂತನಾಗುವ ಅನ್ಯಾಯ ಇದರಲ್ಲಿ ತಪ್ಪುತ್ತದೆ. ಏಕೀಕರಣಾನಂತರ ಇಡೀ ರಾಜ್ಯಕ್ಕಾಗಿ ರಚಿತವಾದ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಲ್ಲಿಯೂ ಈ ಉಪಾಯಕ್ಕೆ ಎಡೆಯಿದೆ. ಬಳಸಿದವರು ಕಡಿಮೆ. ಎಲ್ಲರನ್ನೂ ಒಪ್ಪಿಸಿ ಕೂಡಿಸುವುದಕ್ಕಿಂತ ಒಬ್ಬೊಬ್ಬರಿಂದ ಕೊಂಡು ಕತ್ತರಿಸುವುದು ಸುಲಭವೆನಿಸಿತು.

1961ರ ಈ ಅಧಿನಿಯಮದ 17ನೆಯ ಕಲಮೇ ಪ್ರಸ್ತುತ ವಿಷಯಕ್ಕೆ ಮುಖ್ಯ. ತನ್ನ ಜಮೀನನ್ನು ನಿವೇಶನಗಳಾಗಿ ವಿಭಾಗಿಸಬಯಸುವವನೂ, ಖಾಸಗಿ ರಸ್ತೆಯನ್ನು ಮಾಡಬಯಸುವವನೂ ಯೋಜನಾ ಪ್ರಾಧಿಕಾರಕ್ಕೆ ವಿನ್ಯಾಸದ ನಕ್ಷೆಯನ್ನು ಒಪ್ಪಿಸಿ ಅನುಮೋದನೆ ಪಡೆಯಬೇಕೆಂದು ಅದು ವಿಧಿಸುತ್ತದೆ. ಅದಕ್ಕೂ ಮುಂಚೆ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಂತೆ ವ್ಯವಸಾಯದ ಜಮೀನನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸಬೇಕು. ಇದನ್ನೇ ಉತ್ತರದ ಜಿಲ್ಲೆಗಳಲ್ಲಿ ಎನ್.ಎ. ಮಾಡಿಸುವುದು ಎನ್ನುತ್ತಾರೆ. ಇಲ್ಲಿ ಒಂದು ಭ್ರಮೆ ಬಹಳ ವ್ಯಾಪಕವಾಗಿದೆ. ಎನ್.ಎ. ಆಯಿತೆಂದರೆ ಬಡಾವಣೆಗೆ ಅನುಮತಿ ದೊರೆತಂತೆಯೇ ಎಂದು ಜನ ತಿಳಿಯುತ್ತಾರೆ. ಪರಿವರ್ತನೆಯ ಆದೇಶ ಹೇಳುವುದಿಷ್ಟೇ: ಈ ನೆಲದಲ್ಲಿ ಇನ್ನು ಮುಂದೆ ಬೆಳೆಯನ್ನೇ ಬೆಳೆಯಬೇಕಾಗಿಲ್ಲ. ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಮಕ್ಕಳ ಬಯಲು ಎಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಅನುಮೋದಿತ ವಿನ್ಯಾಸ ನಕ್ಷೆ ಮಾತ್ರ.

ಒಂದು ಲೆಕ್ಕದಿಂದ ಈ ವಿಷಯವನ್ನು ಸ್ಪಷ್ಟಪಡಿಸಬಹುದು. ನಾಲ್ಕು ಎಕರೆಯ ಒಂದು ಹೊಲವಿದೆಯೆನ್ನೋಣ. 160 ಗುಂಟೆ, 1,74,240 ಚದರ ಅಡಿ. ಮೂವತ್ತು ಅಡಿಗೆ ನಲವತ್ತರ ನಿವೇಶನಕ್ಕೆ 1,200 ಚದರ ಅಡಿ ಬೇಕು. ಬರಿಯ ಭಾಗಾಕಾರ ಮಾಡಿದರೆ 145 ನಿವೇಶನ. ಆದರೆ ಹಕ್ಕಿಯಲ್ಲದ ಮನುಷ್ಯನು ತನ್ನ ಮನೆಗೆ ನಡೆದೇ ಬರಬೇಕಷ್ಟೆ. ನೂರಕ್ಕೆ ಮೂವತ್ತರಂತೆ ರಸ್ತೆಗೆ 48 ಗುಂಟೆ, ಹತ್ತರಂತೆ ಉದ್ಯಾನ ಬಯಲಿಗೆ 16 ಗುಂಟೆ, ಐದರಂತೆ ಶಾಲೆ, ನೀರಿನ ತೊಟ್ಟಿ ಮುಂತಾದ ನಾಗರಿಕ ಸೌಕರ್ಯಕ್ಕೆ 8 ಗುಂಟೆ ಬಿಟ್ಟರೆ ನಿವೇಶನಕ್ಕೆ ಉಳಿಯುವುದು 88 ಗುಂಟೆ. ಅದರಲ್ಲಿ 79 ನಿವೇಶನಗಳಾಗುತ್ತವೆ. ಪ್ರಮಾಣಗಳು ಊರಿಂದೂರಿಗೆ ಭಿನ್ನ. ಆಯಾ ಊರಿನ ಮಹಾಯೋಜನೆಯ ವಲಯ ನಿಯಮಗಳು ಅವನ್ನು ಗೊತ್ತುಪಡಿಸುತ್ತವೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮವಂತೂ ಪ್ರಾಧಿಕಾರ ರಚಿಸುವ ಬಡಾವಣೆಯಲ್ಲಿ ನೂರಕ್ಕೆ 15ಕ್ಕೆ ಕಡಿಮೆಯಿಲ್ಲದಂತೆ ಉದ್ಯಾನ ಕ್ರೀಡಾಂಗಣಗಳಿಗೂ, ಅದರ ಮೇಲೆ ಇನ್ನೂ 10ಕ್ಕೆ ಕಡಿಮೆಯಿಲ್ಲದಂತೆ ನಾಗರಿಕ ಸೌಕರ್ಯಗಳಿಗೂ ಮೀಸಲಿಡಬೇಕೆಂದು ಹೇಳುತ್ತದೆ.

ಈಗ ಅದೇ ಹೊಲವನ್ನು ಅನುಮತಿಯಿಲ್ಲದೆ ಕತ್ತರಿಸುವವನ ಲೆಕ್ಕ ನೋಡಬೇಕು. ಹನ್ನೆರಡು, ಹದಿನೈದು ಅಡಿಯ ಓಣಿಗಳಿಗೆಂದು 24 ಗುಂಟೆ ಬಿಟ್ಟು, ಉದ್ಯಾನವೂ ಇಲ್ಲ, ಶಾಲೆಯ ಜಾಗವೂ ಇಲ್ಲವೆಂದರೆ 136 ಗುಂಟೆಯಲ್ಲಿ 123 ನಿವೇಶನಗಳು ಹೊರಡುತ್ತವೆ. ಎಪ್ಪತ್ತೊಂಬತ್ತಕ್ಕೂ ನೂರಿಪ್ಪತ್ತಮೂರಕ್ಕೂ ಇರುವ ಅಂತರ 44. ಆ ನಲವತ್ತನಾಲ್ಕು ನಿವೇಶನಗಳ ಹಣ ಎಲ್ಲಿಂದ ಬಂದಿತು? ಆಕಾಶದಿಂದಲ್ಲ. ಅಗ್ನಿಶಾಮಕ ವಾಹನ ತಿರುಗಬೇಕಾಗಿದ್ದ ಅಗಲದಿಂದ, ಎರಡು ಬದಿಯ ಚರಂಡಿಯಿಂದ, ವಿದ್ಯುತ್ ಕಂಬ ನಿಲ್ಲಬೇಕಾಗಿದ್ದ ಅಂಚಿನಿಂದ, ಮಕ್ಕಳ ಆಟದ ಬಯಲಿನಿಂದ ಬಂದಿತು. ಕೊಂಡವರು ಹಣವನ್ನು ಕೊಟ್ಟದ್ದಲ್ಲದೆ ತಮ್ಮ ಮಕ್ಕಳ ಬಯಲನ್ನೂ ತಾವೇ ಕೊಂಡು ಮನೆ ಕಟ್ಟಿದರು. ವಸತಿ ರಸ್ತೆಗೆ ಸಾಮಾನ್ಯವಾಗಿ 9 ಮೀಟರು, ಅಂದರೆ ಸುಮಾರು 30 ಅಡಿ ಅಗಲ ಬೇಕೆಂದು ನಿಯಮಗಳು ಕೇಳುವುದು ಅಧಿಕಾರಿಗಳ ಹಠದಿಂದಲ್ಲ. ಮಧ್ಯರಾತ್ರಿ ಹೆರಿಗೆಯ ನೋವಿನಲ್ಲಿರುವ ಹೆಂಗಸನ್ನು ಕರೆದೊಯ್ಯಲು ಬಂದ ಗಾಡಿ ಓಣಿಯ ಬಾಯಲ್ಲಿಯೇ ನಿಂತರೆ ಆ ಅಗಲದ ಬೆಲೆ ತಿಳಿಯುತ್ತದೆ.

ಅನುಮೋದಿತ ಬಡಾವಣೆಯಲ್ಲಿ ನಕ್ಷೆಯಲ್ಲಿ ತೋರಿಸಿದ ರಸ್ತೆ ಬಯಲುಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಚರಂಡಿ, ನೀರಿನ ಕೊಳವೆ, ವಿದ್ಯುತ್ತುಗಳ ಕಾಮಗಾರಿ ಮುಂದುವರಿದಂತೆ ನಿವೇಶನಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುತ್ತಾರೆ. ಎಲ್ಲ ನಿವೇಶನಗಳನ್ನೂ ಮೊದಲೇ ಮಾರಿಬಿಟ್ಟರೆ ಚರಂಡಿಯನ್ನು ಕಟ್ಟುವವರು ಯಾರು ಎಂಬ ಅನುಭವದಿಂದ ಹುಟ್ಟಿದ ಕ್ರಮವಿದು. 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಜನರು ರೇರಾ ಎಂದು ಕರೆಯುವುದು, 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು ನೋಂದಾಯಿಸದೆ ಜಾಹೀರಾತನ್ನೂ ಕೊಡಬಾರದೆಂದು ನಿರ್ಬಂಧಿಸಿದೆ.

ಇಷ್ಟೆಲ್ಲ ಇದ್ದರೂ ರೆವಿನ್ಯೂ ಬಡಾವಣೆಗಳು ಏಕೆ ಹುಟ್ಟುತ್ತವೆ? ಕೊಳ್ಳುವವರ ಅಜ್ಞಾನವೊಂದನ್ನೇ ದೂರುವುದು ಅನ್ಯಾಯ. ಹಮಾಲಿ ಮಾಡುವವನಿಗೆ, ಮನೆಮನೆಯ ಪಾತ್ರೆ ತೊಳೆದು ಚೀಟಿ ಕಟ್ಟಿದ ತಾಯಿಗೆ ಅನುಮೋದಿತ ಬಡಾವಣೆಯ ನಿವೇಶನ ಎಟುಕುವುದಿಲ್ಲ. ಸರ್ಕಾರದ ಬಡಾವಣೆಯ ಸರದಿ ಬರುವಷ್ಟರಲ್ಲಿ ಮಕ್ಕಳು ಮೊಮ್ಮಕ್ಕಳಾಗಿರುತ್ತಾರೆ. ಆಗ ಊರ ಹೊರಗಿನ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಕಲ್ಲು ನಟ್ಟವನೇ ಆಪ್ತನಾಗಿ ಕಾಣುತ್ತಾನೆ. ಅವನು ಹೇಳುವ ಬೆಲೆ ಕಡಿಮೆ, ಕಂತಿನಲ್ಲಿ ಕೊಡಬಹುದು. ಹತ್ತು ವರ್ಷಗಳ ನಂತರ ಆ ಓಣಿಗೆ ನೀರು ಬಂದಿರುವುದಿಲ್ಲ, ಸಾಲ ಕೊಡುವ ಬ್ಯಾಂಕು ಕಾಗದ ನೋಡಿ ಹಿಂದಿರುಗಿಸುತ್ತದೆ. ಅಗ್ಗದ ನೆಲದ ಬೆಲೆಯನ್ನು ಬಡವನು ಕಂತುಕಂತಾಗಿ ಜೀವಮಾನವೆಲ್ಲ ತೆರುತ್ತಾನೆ. ಕಾನೂನಿಗೆ ಹೊರತಾದ ಬಡಾವಣೆಯನ್ನು ನಿಷೇಧಿಸುವುದರ ಜತೆಗೆ ಕಾನೂನಿನೊಳಗಿನ ಸಣ್ಣ ನಿವೇಶನವನ್ನು ಬಡವರಿಗೆ ಎಟುಕಿಸುವ ಹೊಣೆಯೂ ಸರ್ಕಾರದ್ದೇ. ಮೊದಲನೆಯದಕ್ಕೆ ಸುತ್ತೋಲೆಗಳು ಬಹಳ, ಎರಡನೆಯದಕ್ಕೆ ನೆಲ ಕಡಿಮೆ.

ಹಿಂದೆ ಗ್ರಾಮ ಪಂಚಾಯಿತಿಗಳಲ್ಲಿ ಕೈಬರಹದ ಖಾತೆಯಿಂದಲೇ ಇಂತಹ ನಿವೇಶನಗಳು ಕೈಬದಲಾಗುತ್ತಿದ್ದವು. 2013ರಲ್ಲಿ ಇ-ಸ್ವತ್ತು ವ್ಯವಸ್ಥೆ ಬಂದ ಮೇಲೆ ಪಂಚಾಯಿತಿ ವ್ಯಾಪ್ತಿಯ ಸ್ವತ್ತಿನ ನೋಂದಣಿಗೆ ಗಣಕದಿಂದ ಹೊರಡುವ ನಮೂನೆ 9 ಮತ್ತು 11 ಬೇಕಾದವು. ಗ್ರಾಮಠಾಣದ ಸ್ವತ್ತು ಯಾವುದು, ಅನುಮೋದಿತ ಬಡಾವಣೆಯದು ಯಾವುದು, ಎರಡೂ ಅಲ್ಲದ್ದು ಯಾವುದು ಎಂಬ ಭೇದ ಕಾಗದದ ಮೇಲೆಯೇ ಕಾಣತೊಡಗಿತು. ಪಟ್ಟಣಗಳಲ್ಲಿ ಆಗಿಹೋದ ಉಲ್ಲಂಘನೆಗಳನ್ನು ದಂಡ ಪಡೆದು ಸಕ್ರಮಗೊಳಿಸಲು ಅಕ್ರಮ-ಸಕ್ರಮದ ನಿಯಮಗಳು 2014ರಲ್ಲಿ ಹೊರಟವು. ರಾಜ್ಯದ ಉಚ್ಚ ನ್ಯಾಯಾಲಯವು 2016ರ ಡಿಸೆಂಬರಿನಲ್ಲಿ ಅವನ್ನು ಎತ್ತಿಹಿಡಿದರೂ ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ತಡೆ ನೀಡಿತು. ದಂಡ ಕಟ್ಟಿದ ಮಾತ್ರಕ್ಕೆ ಕಾಗದ ಸಕ್ರಮವಾದೀತು. ಹನ್ನೆರಡು ಅಡಿಯ ಓಣಿ ಮೂವತ್ತು ಅಡಿಯಾಗದು.

ಅವಿಭಾಜ್ಯ ನೆಲವನ್ನು ಮರೆತರೆ ಅದು ತಾನೇ ಬಂದು ನೆನಪು ಮಾಡಿಕೊಡುವುದೂ ಉಂಟು. ಒಂದು ಕೆರೆ ತುಂಬಿ ಕೋಡಿಬಿದ್ದ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹೋಗುವ ಸರಣಿ ಬೆಂಗಳೂರು ಸೀಮೆಯ ಹಿರಿಯರ ಕಲ್ಪನೆ. ಆ ರಾಜಕಾಲುವೆಗಳು ಅನೇಕ ಕಡೆ ಇಂತಹ ಬ ಖರಾಬಿನ ನೆಲವೇ. ಅವು ಕಿರಿದಾದ, ಮುಚ್ಚಿಹೋದ ಎಡೆಗಳಲ್ಲಿ 2022ರ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳ ಮಳೆಗೆ ನಗರದ ಪೂರ್ವಭಾಗದ ಬಡಾವಣೆಗಳು ನೀರಿನಲ್ಲಿ ನಿಂತವು. ಬೆಲೆಬಾಳುವ ಮನೆಗಳವರನ್ನೂ ದೋಣಿ, ಟ್ರಾಕ್ಟರುಗಳಲ್ಲಿ ಹೊರತರಬೇಕಾಯಿತು. ನೀರು ಪಹಣಿಯನ್ನು ಓದುವುದಿಲ್ಲ, ಇಳಿಜಾರನ್ನು ಓದುತ್ತದೆ.

ಬಡಾವಣೆಯ ಬಯಲನ್ನು ಆಳುವವರೇ ಬೇರೆಯವರಿಗೆ ಕೊಟ್ಟರೆ ಏನು ಗತಿ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಕನ್ನಡ ನಾಡಿನ ಒಂದು ಪ್ರಕರಣದಲ್ಲಿಯೇ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯೊಂದನ್ನು ಕಟ್ಟಲು ಹಂಚಿಕೆ ಮಾಡಲಾಯಿತು. ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೊರೆ ಹೊಕ್ಕರು. ಆಸ್ಪತ್ರೆಯೂ ಜನೋಪಯೋಗಿಯಲ್ಲವೇ ಎಂಬುದು ಎದುರು ವಾದ. ಮೇಲುನೋಟಕ್ಕೆ ಈ ವಾದ ಹಗುರವಾದುದಲ್ಲ. ಆದರೆ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಂಚಿಕೆಯನ್ನು ರದ್ದುಪಡಿಸಿದ ಉಚ್ಚ ನ್ಯಾಯಾಲಯದ ತೀರ್ಪನ್ನೇ ಸ್ಥಿರಪಡಿಸಿತು. ಉದ್ಯಾನವು ಹಣ ಕೊಡದೆ ಯಾರು ಬೇಕಾದರೂ ಕಾಲಿಡಬಹುದಾದ ನೆಲ, ಖಾಸಗಿ ಆಸ್ಪತ್ರೆಯು ಹಾಗಲ್ಲ. ಒಂದಕ್ಕೆ ಬದಲು ಇನ್ನೊಂದೆನ್ನಲಾಗದು. ಯೋಜನೆಯಲ್ಲಿ ಬಯಲೆಂದು ಗುರುತಿಸಿದ್ದನ್ನು ಅಧಿಕಾರದಲ್ಲಿರುವವರು ಕಾಯ್ದೆ ಹೇಳದ ರೀತಿಯಲ್ಲಿ ಮಾರ್ಪಡಿಸಲಾಗದು. ಬಡಾವಣೆಯ ನಿವಾಸಿಗಳು ಆ ನೆಲದ ಒಡೆಯರಲ್ಲದಿದ್ದರೂ ಅದರ ಪರವಾಗಿ ಕೇಳುವ ಹಕ್ಕುಳ್ಳವರು. ಈ ಮೂರು ಮಾತುಗಳು ಆ ತೀರ್ಪಿನಿಂದ ಗಟ್ಟಿಯಾಗಿ ನಿಂತವು. ಇವುಗಳಲ್ಲಿ ಮೂರನೆಯದೇ ಸಾಮಾನ್ಯ ಜನರಿಗೆ ಅತ್ಯಂತ ಬೆಲೆಯುಳ್ಳದ್ದು. ಏಕೆಂದರೆ ಎಲ್ಲರದೆಂದರೆ ಯಾರದೂ ಅಲ್ಲವೆಂಬ ಮನೋಭಾವವೇ ಬಯಲುಗಳ ಮೊದಲ ಶತ್ರು.

ನಿವೇಶನವನ್ನು ಕೊಳ್ಳಬಯಸುವ ಗೃಹಸ್ಥನು ಮಾರಾಟಗಾರನು ತೋರಿಸುವ ಬಣ್ಣದ ನಕ್ಷೆಯನ್ನು ಬದಿಗಿಟ್ಟು ನಾಲ್ಕಾರು ಕಾಗದಗಳನ್ನು ತಾನೇ ನೋಡುವುದು ಲೇಸು. ಪಹಣಿ, ಮ್ಯುಟೇಶನ್, ಪರಿವರ್ತನೆಯ ಆದೇಶ, ಪ್ರಾಧಿಕಾರದ ಮುದ್ರೆಯುಳ್ಳ ವಿನ್ಯಾಸ ನಕ್ಷೆ, ಋಣಭಾರ ಪ್ರಮಾಣಪತ್ರ ಇವು ಎಲ್ಲರೂ ಕೇಳುವಂತಹವು. ಹೆಚ್ಚು ಜನ ಕೇಳದೆ ಬಿಡುವುದು ಗ್ರಾಮ ನಕಾಶೆ. ಅದರಲ್ಲಿ ಹಳ್ಳದ ಗೆರೆ ಕಾಣುತ್ತದೆ, ಚುಕ್ಕೆಗಳ ಜೋಡಿಸಾಲಿನಲ್ಲಿ ಬಂಡಿದಾರಿಯೂ ಒಂಟಿಸಾಲಿನಲ್ಲಿ ಕಾಲುದಾರಿಯೂ ಕಾಣುತ್ತವೆ. ಕೈದೂರವಾಣಿಯಲ್ಲಿ ಸರ್ಕಾರದ ದಿಶಾಂಕ್ ತಂತ್ರಾಂಶವನ್ನು ತೆರೆದು ಜಾಗದ ಮೇಲೆ ನಿಂತರೆ ತಾನು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇನೆಂಬುದು ತಿಳಿಯುತ್ತದೆ. ಊರಿನ ವೃದ್ಧರೊಬ್ಬರನ್ನು ಕರೆದೊಯ್ದು ಮಳೆಗಾಲದಲ್ಲಿ ನೀರು ಯಾವ ಕಡೆಯಿಂದ ಬರುತ್ತಿತ್ತೆಂದು ಕೇಳಿದರಂತೂ ಯಾವ ತಂತ್ರಾಂಶವೂ ಹೇಳದ ವಿಷಯ ಹೊರಬೀಳುತ್ತದೆ.

ಇನ್ನು ಊರಿನ ಮಹಾಯೋಜನೆಯ ಮಾತು. ಪ್ರಾಧಿಕಾರವು ಅದರ ಕರಡನ್ನು ಸಿದ್ಧಪಡಿಸಿ, ಸರ್ಕಾರದ ತಾತ್ಕಾಲಿಕ ಅನುಮೋದನೆಯ ನಂತರ ಸಾರ್ವಜನಿಕರ ಅವಗಾಹನೆಗೆ ಪ್ರಕಟಿಸುತ್ತದೆ. ಅಭಿಪ್ರಾಯ, ಆಕ್ಷೇಪಣೆಗಳಿಗೆ 60 ದಿನಗಳ ಅವಕಾಶವಿರುತ್ತದೆ. ಯಾವ ಹೊಲ ವಸತಿಗೆ, ಯಾವುದು ಕೈಗಾರಿಕೆಗೆ, ಯಾವುದು ವ್ಯವಸಾಯಕ್ಕೇ ಉಳಿಯಬೇಕು, ಮುಂದಿನ ವರ್ತುಲ ರಸ್ತೆ ಯಾರ ಮನೆಯ ಮೇಲೆ ಹಾಯುತ್ತದೆ ಎಂಬುದೆಲ್ಲ ಆ ನಕ್ಷೆಯ ಬಣ್ಣಗಳಲ್ಲಿರುತ್ತದೆ. ನಕ್ಷೆಯನ್ನು ಪ್ರಾಧಿಕಾರದ ಕಚೇರಿಯ ಗೋಡೆಯ ಮೇಲೆ ತೂಗುಹಾಕಿದಾಗ ಅದರ ಮುಂದೆ ನಿಲ್ಲುವವರು ಬಹುಪಾಲು ಜಮೀನಿನ ವ್ಯಾಪಾರಿಗಳು. ಅಲ್ಲಿ ಶಾಲೆಯ ಉಪಾಧ್ಯಾಯರೂ, ಪಂಚಾಯಿತಿಯ ಸದಸ್ಯರೂ, ಮೇಲಿನ ತರಗತಿಯ ವಿದ್ಯಾರ್ಥಿಗಳೂ ನಿಲ್ಲುವಂತಾಗಬೇಕು. ಆಕ್ಷೇಪಣೆಯನ್ನು ಬರೆಯುವಾಗ ಊರ ಹೆಸರನ್ನೂ ಸರ್ವೆ ನಂಬರನ್ನೂ ತಪ್ಪದೆ ನಮೂದಿಸಿ, ಹಳ್ಳ ಅಥವಾ ದಾರಿ ಇರುವ ಗ್ರಾಮ ನಕಾಶೆಯ ದೃಢೀಕೃತ ಪ್ರತಿಯನ್ನು ಲಗತ್ತಿಸಿ, ಕಚೇರಿಯ ಮೊಹರು ಬಿದ್ದ ಸ್ವೀಕೃತಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.